ಪಕ್ಷ ಅಧಿಕಾರದಲ್ಲಿದ್ದಾಗ ಯೂನಿಯನ್ ಘಟಕವನ್ನು ನಡೆಸುವ ಬಗೆ

ಕಾಸರಗೋಡು ಜಿಲ್ಲೆಯಲ್ಲಿ ಕಾರ್ಮಿಕ ಯೂನಿಯನ್ನಿನ ಹೆಸರು ಹೇಳಿದರೆ ಪಕ್ಷದ ಹೆಸರನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಸಿಐಟಿಯು ಎಂದರೆ ಸಿಪಿಎಂ, ಎಐಟಿಯುಸಿ ಎಂದರೆ ಸಿಪಿಐ, ಐಎನ್‌ಟಿಯುಸಿ ಎಂದರೆ ಕಾಂಗ್ರೆಸ್, ಎಸ್‌ಟಿಯು ಎಂದರೆ ಮುಸ್ಲಿಂ ಲೀಗ್. ಬಿಎಂಎಸ್ ತಾನು ಯಾವ ಪಕ್ಷದ ಅಂಗವೂ ಅಲ್ಲವೆಂದು ಹೇಳಿಕೊಂಡರೂ ಅದರ ಬಾವುಟ ಕಂಡವರು ಬಿಜೆಪಿಯನ್ನೇ ನೆನೆಯುತ್ತಾರೆ. ಪಕ್ಷ ವಿರೋಧದಲ್ಲಿರುವಷ್ಟು ಕಾಲ ಈ ನಂಟಿನಿಂದ ಹೆಚ್ಚಿನ ತೊಡಕಿಲ್ಲ. ಅದೇ ಪಕ್ಷ ಪಂಚಾಯತಿನಲ್ಲೋ ಸಹಕಾರಿ ಸಂಘದಲ್ಲೋ ತಿರುವನಂತಪುರದಲ್ಲೋ ಆಡಳಿತಕ್ಕೆ ಬಂದು, ಕೂಲಿ ಕೊಡಬೇಕಾದವರೂ ಕೇಳಬೇಕಾದವರೂ ಒಂದೇ ಬಾವುಟದಡಿ ನಿಂತಾಗ ಘಟಕದ ಕಾರ್ಯದರ್ಶಿಗೆ ಇಕ್ಕಟ್ಟು ಶುರುವಾಗುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಲ್ಲಿ ಆ ಹೊಣೆ ಹೊತ್ತವರಿಗೆ ಉಪಯೋಗವಾಗಲೆಂದು ಈ ಬರಹ.

ಮೊದಲು ತಕರಾರು ಯಾವ ಬಗೆಯದೆಂದು ಬಿಡಿಸಿ ನೋಡಿಕೊಳ್ಳಿ. ಚುನಾವಣೆಯಲ್ಲಿ ಯಾರಿಗೆ ಸೀಟು ಸಿಗಲಿಲ್ಲ, ಏರಿಯಾ ಸಮಿತಿಯಿಂದ ಯಾರನ್ನು ಕೈಬಿಟ್ಟರು ಎಂಬುದು ಪಕ್ಷದೊಳಗಿನ ಮಾತು. ಅದನ್ನು ಯೂನಿಯನ್ನಿನ ಸಭೆಗೆ ಎಳೆದು ತಂದರೆ ಕೂಲಿಯ ಪ್ರಶ್ನೆ ಮೂಲೆಗೆ ಬೀಳುತ್ತದೆ. ಅಧ್ಯಕ್ಷರ ಕುರ್ಚಿಯಲ್ಲಿ ಎದುರು ಪಕ್ಷದವರು ಕೂತಿದ್ದರೆ ಇದೇ ಬೇಡಿಕೆಯನ್ನು ಇದೇ ಬಿರುಸಿನಲ್ಲಿ ಇಡುತ್ತಿದ್ದೆವೇ ಎಂದು ಸದಸ್ಯರನ್ನೇ ಕೇಳಿ. ಹೌದೆಂದರೆ ಬೇಡಿಕೆ ಯೂನಿಯನ್ನಿನದು, ಮುಂದಿನ ಕ್ರಮಕ್ಕೆ ತಡಮಾಡಬೇಕಾಗಿಲ್ಲ.

ಎರಡನೆಯದು ಹಣ, ಮತ್ತು ಹೆಚ್ಚಿನ ಮನಸ್ತಾಪ ಹುಟ್ಟುವುದು ಇಲ್ಲಿಯೇ. ರಾಜಕೀಯ ಉದ್ದೇಶಕ್ಕೆ ಖರ್ಚು ಮಾಡಬೇಕಿದ್ದರೆ ಯೂನಿಯನ್ ಅದಕ್ಕಾಗಿಯೇ ಪ್ರತ್ಯೇಕ ನಿಧಿ ಇಡಬೇಕು, ಆ ನಿಧಿಗೆ ಕೊಡುವಂತೆ ಯಾವ ಸದಸ್ಯರನ್ನೂ ಒತ್ತಾಯಿಸಬಾರದು, ಕೊಡದವರಿಗೆ ಯೂನಿಯನ್ನಿನ ಸೌಲಭ್ಯ ತಪ್ಪಿಸಬಾರದು ಎಂದು 1926ರ ಟ್ರೇಡ್ ಯೂನಿಯನ್ ಕಾಯ್ದೆಯ 16ನೇ ಕಲಂ ಹೇಳಿತ್ತು. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಏರ್ಪಾಡನ್ನು ಉಳಿಸಿಕೊಂಡಿದೆ. ಹೀಗಿದ್ದರೂ ಸದಸ್ಯತ್ವದ ಚಂದಾ, ಸಮ್ಮೇಳನದ ವಂತಿಗೆ, ಚುನಾವಣಾ ಫಂಡು ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತ ಬರೆದ ರಶೀದಿಯನ್ನು ಹರಿದು ಕೊಡುವ ರೂಢಿ ಇದೆ. ಬೀಡಿ ಕಟ್ಟಿ ವಾರದ ಮಜೂರಿ ಎಣಿಸಿಕೊಂಡ ಹೆಂಗಸು ಆ ರಶೀದಿಯನ್ನು ನೋಡಿ ತನ್ನ ಹಣದಲ್ಲಿ ಎಷ್ಟು ಯೂನಿಯನ್ನಿಗೆ, ಎಷ್ಟು ಪಕ್ಷಕ್ಕೆ ಎಂದು ತಿಳಿಯುವಂತಿಲ್ಲ. ಆದುದರಿಂದ ಎರಡು ರಶೀದಿ ಪುಸ್ತಕ ಇಡಿ, ಎರಡರ ಬಣ್ಣವೂ ಬೇರೆಯಾಗಿರಲಿ. ರಾಜಕೀಯ ನಿಧಿಯನ್ನು ಸಂಗ್ರಹಿಸುವ ದಿನವನ್ನು ಚಂದಾ ಸಂಗ್ರಹದ ದಿನದಿಂದ ಬೇರ್ಪಡಿಸಿ. ವಾರ್ಷಿಕ ಲೆಕ್ಕಪತ್ರದಲ್ಲಿಯೂ ಎರಡನ್ನು ಬೆರೆಸಬೇಡಿ. ಪಕ್ಷದವರು ಇದನ್ನು ಅವಿಶ್ವಾಸವೆಂದು ತಿಳಿದು ಮುನಿಸಿಕೊಂಡರೆ ಸಂಹಿತೆಯ ಪ್ರತಿಯನ್ನು ಮುಂದಿಡಿ.

ನಿರ್ಣಯ ಮೊದಲು, ಫೋನು ಆಮೇಲೆ. ನಮ್ಮ ಕಡೆ ನಡೆಯುವುದು ಇದರ ತಿರುವುಮುರುವು: ದೂರು ಬಂದ ಕೂಡಲೇ ನಾಯಕರೊಬ್ಬರು ಆಡಳಿತದಲ್ಲಿರುವ ತಮ್ಮವರಿಗೆ ಕರೆ ಮಾಡುತ್ತಾರೆ, ಅತ್ತಲಿಂದ ‘ನೋಡುವ’ ಎಂಬ ಉತ್ತರ ಬರುತ್ತದೆ, ಬೇಡಿಕೆ ಕಾಗದಕ್ಕೆ ಇಳಿಯುವುದೇ ಇಲ್ಲ. ಸದಸ್ಯರ ಸಭೆ ಕರೆದು ಕೋರಂ ನೋಡಿಕೊಂಡು ನಿರ್ಣಯವನ್ನು ಬರೆಯಿರಿ. ‘ಪಂಚಾಯತ್ ಆಡಳಿತದ ಕಾರ್ಮಿಕ ವಿರೋಧಿ ನೀತಿಯನ್ನು ಖಂಡಿಸುತ್ತೇವೆ’ ಎಂಬ ಒಕ್ಕಣೆಯಿಂದ ಮನಸ್ಸು ಮುರಿಯುತ್ತದೆಯೇ ಹೊರತು ಕೆಲಸವಾಗದು. ‘ಮನೆಮನೆಯಿಂದ ತ್ಯಾಜ್ಯ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಸದಸ್ಯೆಯರಿಗೆ ಎರಡು ತಿಂಗಳಿನಿಂದ ಬಾಕಿ ಇರುವ ಮೊತ್ತವನ್ನು ಈ ತಿಂಗಳ ಹತ್ತನೇ ತಾರೀಕಿನೊಳಗೆ ಪಾವತಿಸಬೇಕು, ಇಲ್ಲವಾದರೆ ಹದಿನೈದರಂದು ಕಚೇರಿಯ ಮುಂದೆ ಧರಣಿ ಕೂರಲಾಗುವುದು’ ಎಂದು ಬರೆದರೆ ಒಪ್ಪುವುದಕ್ಕೂ ನಿರಾಕರಿಸುವುದಕ್ಕೂ ಒಂದು ಹಿಡಿಕೆ ಇರುತ್ತದೆ. ಮನವಿಯನ್ನು ಕನ್ನಡದಲ್ಲಿಯೇ ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕು ನಮಗಿದೆ. ಮಲಯಾಳ ಪ್ರತಿಯೊಂದನ್ನು ಜೊತೆಗಿಟ್ಟರೆ ತಡ ತಪ್ಪುತ್ತದೆ, ಆದರೆ ಸೀಲು ಬಿದ್ದ ಸ್ವೀಕೃತಿಯನ್ನು ಕನ್ನಡ ಪ್ರತಿಯ ಮೇಲೆಯೇ ಕೇಳಿ ಪಡೆಯಿರಿ.

ಎರಡು ಟೊಪ್ಪಿ ಹಾಕಿಕೊಂಡವರ ವಿಚಾರದಲ್ಲಿ ಸಂಕೋಚ ಬೇಡ. ಮಂತ್ರಿಗಳು ನೋಂದಾಯಿತ ಯೂನಿಯನ್ನಿನ ಪದಾಧಿಕಾರಿಗಳಾಗುವಂತಿಲ್ಲ ಎಂಬ ನಿರ್ಬಂಧ ಟ್ರೇಡ್ ಯೂನಿಯನ್ ಕಾಯ್ದೆಯ 2001ರ ತಿದ್ದುಪಡಿಯಿಂದಲೇ ಬಂದಿದೆ. ಕೆಳಗಿನ ಹಂತದಲ್ಲಿ ಪಂಚಾಯತ್ ಸದಸ್ಯರೋ ಬ್ಯಾಂಕಿನ ನಿರ್ದೇಶಕರೋ ಘಟಕದ ಅಧ್ಯಕ್ಷರಾಗಿದ್ದರೆ, ಆ ಸಂಸ್ಥೆಯೊಂದಿಗೆ ಮಾತುಕತೆ ನಡೆಯುವ ದಿನ ಅವರು ಯೂನಿಯನ್ನಿನ ಕಡೆಯಿಂದ ಕೂರದಂತೆ ಮೊದಲೇ ಸಭೆಯಲ್ಲಿ ತೀರ್ಮಾನಿಸಿ.

ಸ್ವಂತ ಪಕ್ಷದ ಸರಕಾರದ ಎದುರು ನಿಲ್ಲುವುದು ದ್ರೋಹವೆಂದು ಯಾರಾದರೂ ಹೇಳಿದರೆ ಉದಾಹರಣೆಗಳಿಗೆ ಬರವಿಲ್ಲ. ವಾಜಪೇಯಿ ಸರಕಾರದ ಆರ್ಥಿಕ ನೀತಿಯ ವಿರುದ್ಧ ದತ್ತೋಪಂತ ಠೇಂಗಡಿಯವರು ಕಟ್ಟಿದ ಬಿಎಂಎಸ್ 2001ರಲ್ಲಿ ದೆಹಲಿಯಲ್ಲಿ ಭಾರೀ ಸಭೆ ನಡೆಸಿತು. 2022ರಲ್ಲಿ ಕೇರಳದ ಕೆಎಸ್ಆರ್‌ಟಿಸಿ ನೌಕರರ ಸಂಬಳ ತಡವಾದಾಗ ಸಿಪಿಎಂ ಮುಂದಾಳತ್ವದ ಎಡರಂಗದ ಆಡಳಿತವಿದ್ದರೂ ಸಿಐಟಿಯು ಸಂಘಟನೆ ಪ್ರತಿಭಟನೆಗೆ ಇಳಿಯಿತು. ಹಿಂಜರಿದರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. 2025ರ ಫೆಬ್ರವರಿ 10ರಿಂದ ಆಶಾ ಕಾರ್ಯಕರ್ತೆಯರು ಸೆಕ್ರೆಟೇರಿಯಟ್ ಮುಂದೆ ಮುಷ್ಕರ ಕೂತಾಗ, ಹೊಣೆ ಕೇಂದ್ರ ಸರಕಾರದ್ದೆಂದು ವಾದಿಸಿದ ಸಿಐಟಿಯು ಹೊರಗೆ ನಿಂತಿತು, ಹೋರಾಟದ ನೇತೃತ್ವ ಬೇರೊಂದು ಸಂಘಟನೆಯ ಕೈಯಲ್ಲಿತ್ತು. ಕೇಂದ್ರದ ಪಾಲಿನ ಬಗೆಗಿನ ವಾದದಲ್ಲಿ ಹುರುಳಿತ್ತು, ಆದರೆ ಬಿಸಿಲಿನಲ್ಲಿ ಕೂತವರಿಗೆ ಅದು ಉತ್ತರವಾಗಲಿಲ್ಲವೆಂಬುದು ನನ್ನ ಅಭಿಪ್ರಾಯ.

ಪಕ್ಷದ ನಂಟನ್ನು ಕಡಿದುಕೊಳ್ಳುವ ಮಾತು ಕೊನೆಗೆ ಬರಲಿ. ಅದಕ್ಕೆ ಮುನ್ನ ಅದೇ ಕೆಲಸದ ಇತರ ಯೂನಿಯನ್‌ಗಳೊಂದಿಗೆ ಒಂದೇ ಬೇಡಿಕೆಯ ಮಟ್ಟಿಗೆ ಜಂಟಿ ಸಮಿತಿ ಮಾಡಿ ನೋಡಿ. ನಂಟು ಉಳಿದೇ ಒತ್ತಡ ಹೆಚ್ಚುತ್ತದೆ. ಅದೂ ಸಾಲದೆ ಕೇಂದ್ರ ಸಂಘಟನೆಯಿಂದ ಹೊರಬರಲೇಬೇಕೆಂದಾದರೆ, ಮಹಾಸಭೆಯ ನೋಟಿಸಿನಲ್ಲಿ ವಿಷಯವನ್ನು ಸ್ಪಷ್ಟವಾಗಿ ನಮೂದಿಸಿ, ನಿಯಮಾವಳಿ ಹೇಳುವ ಬಹುಮತದಿಂದ ತೀರ್ಮಾನಿಸಿ, ತಿದ್ದುಪಡಿಯನ್ನು ರಿಜಿಸ್ಟ್ರಾರರಿಗೆ ತಿಳಿಸಿ. ಸದಸ್ಯರ ದಾಖಲೆ ಪುಸ್ತಕ, ನಡಾವಳಿ ಪುಸ್ತಕ, ಸೀಲು ಎಲ್ಲಿವೆ, ಬ್ಯಾಂಕ್ ಖಾತೆಗೆ ಯಾರ ಸಹಿ ನಡೆಯುತ್ತದೆ, ಕಚೇರಿಯ ಕಟ್ಟಡ ಯಾರ ಹೆಸರಿನಲ್ಲಿದೆ ಎಂಬುದನ್ನು ಆ ನೋಟಿಸು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ.