ಆಪ್ಷನ್ ಇಲ್ಲದ ಪ್ರಶ್ನೆ: ನೆಟ್‌ವರ್ಕಿಂಗ್ ಪರೀಕ್ಷೆಗೆ ಕೂರುವವರಿಗೂ, ಪ್ರಶ್ನೆ ತೆಗೆಯುವವರಿಗೂ

ನೆಟ್‌ವರ್ಕಿಂಗ್ ಸರ್ಟಿಫಿಕೇಶನ್‌ಗೆ ಓದುವವರ ಹತ್ರ ಓಪನ್ ಎಂಡೆಡ್ ಪ್ರಶ್ನೆ ಅಂದ್ರೆ ಸಾಕು, ಮಂಡೆಬಿಸಿ ಶುರು. ಎ ಬಿ ಸಿ ಡಿ ಇದ್ರೆ ಕಣ್ಣುಮುಚ್ಚಿ ಒಂದನ್ನಾದ್ರೂ ಒತ್ತಬಹುದು, ಖಾಲಿ ಬಾಕ್ಸ್ ಕೊಟ್ಟು ಯಾಕೆ ಹೇಳಿ ಅಂದ್ರೆ ಎಂತ ಬರೀಬೇಕು, ಎಷ್ಟು ಬರೀಬೇಕು, ತಿದ್ದುವವನಿಗೆ ಅದು ಸರಿ ಕಾಣ್ತದಾ ಇಲ್ವಾ, ಒಂದೂ ಗೊತ್ತಾಗುದಿಲ್ಲ. ಮಂಗಳೂರಲ್ಲಿ ನಾವೊಂದಷ್ಟು ಜನ ಶನಿವಾರ ಸಂಜೆ ಸೇರಿ ಲ್ಯಾಬ್ ಮಾಡ್ತೇವೆ, ಸುರತ್ಕಲ್‌ನವರು ಉಂಟು, ಮಣಿಪಾಲದಿಂದ ಬಸ್ಸಲ್ಲಿ ಬರುವವರೂ ಉಂಟು, ಪ್ರಶ್ನೆ ತೆಗೆಯುದೂ ನಾವೇ ತಿದ್ದುದೂ ನಾವೇ. ಅಲ್ಲಿ ಆಗುವ ಜಗಳ ನೋಡಿ ನೋಡಿ ನನಗೆ ಕಂಡದ್ದು ಇಷ್ಟು: ಪ್ರಶ್ನೆ ಕಷ್ಟ ಇರುದು ಬೇರೆ, ಅನ್ಯಾಯ ಇರುದು ಬೇರೆ. ಕಷ್ಟದ ಪ್ರಶ್ನೆಗೆ ಯಾರೂ ಜಗಳ ಮಾಡುದಿಲ್ಲ ಮಾರಾಯ್ರೆ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಸಿಸ್ಕೋ ಕಂಪನಿಯ ದೊಡ್ಡ ಸರ್ಟಿಫಿಕೇಶನ್ ಸಿಸಿಐಇಯ ಲ್ಯಾಬ್, ಅಂದ್ರೆ ಕೂತು ಮಾಡಿ ತೋರಿಸುವ ಪರೀಕ್ಷೆ. 2009ರ ಫೆಬ್ರವರಿಯಿಂದ ರೂಟಿಂಗ್ ಅಂಡ್ ಸ್ವಿಚಿಂಗ್ ಲ್ಯಾಬ್‌ನ ಶುರುವಿಗೆ ನಾಲ್ಕು ಪ್ರಶ್ನೆ ಹಾಕಿದ್ರು, ಆಪ್ಷನ್ ಇಲ್ಲ, ಡಾಕ್ಯುಮೆಂಟೇಶನ್ ನೋಡುವ ಹಾಗಿಲ್ಲ, ಒಂದೆರಡು ವಾಕ್ಯದೊಳಗೆ ಉತ್ತರ ಟೈಪ್ ಮಾಡ್ಬೇಕು, ಹೆಚ್ಚೆಂದ್ರೆ ಅರ್ಧ ಗಂಟೆ. ಡಂಪ್ಸ್ (ಹೊರಗೆ ಸೋರಿದ ಪ್ರಶ್ನೋತ್ತರ) ಬಾಯಿಪಾಠ ಮಾಡಿ ಬರುವವರನ್ನು ಹಿಡೀಲಿಕ್ಕೆ ಮಾಡಿದ್ದು, ಉದ್ದೇಶಕ್ಕೆ ಹೆಸರಿಡುವ ಹಾಗಿಲ್ಲ. ಆದ್ರೆ ಅಲ್ಲಿ ಎಡವಿದ್ರೆ ಆಮೇಲೆ ಇಡೀ ದಿನ ಕೂತು ಕಾನ್ಫಿಗರೇಶನ್ ಎಷ್ಟು ಚಂದ ಮಾಡಿದ್ರೂ ಪಾಸ್ ಇಲ್ಲ. 2010ರ ಮೇ ತಿಂಗಳಲ್ಲಿ ಅದನ್ನು ತೆಗೆದೇ ಬಿಟ್ರು. ಅಲ್ಲಿಯ ತೊಂದರೆ ಪ್ರಶ್ನೆಯ ಕಷ್ಟದಲ್ಲಿ ಅಲ್ಲ, ಲೆಕ್ಕದಲ್ಲಿ ಅಂತ ನನ್ನ ಅಭಿಪ್ರಾಯ. ಅಷ್ಟು ದೊಡ್ಡ ಸಿಲೆಬಸ್‌ನಿಂದ ನಾಲ್ಕೇ ಪ್ರಶ್ನೆ ಎತ್ತಿದ್ರೆ ಯಾವ ಮೂಲೆ ಬರ್ತದೆ ಅನ್ನುದು ಪೂರಾ ಅದೃಷ್ಟ ಅಲ್ವಾ. ಈಗಿನ ಲ್ಯಾಬ್‌ನಲ್ಲಿ ಡಿಸೈನ್‌ಗೆ ಮೂರು ಗಂಟೆ, ಆಮೇಲೆ ಮಾಡಿ ತೋರಿಸ್ಲಿಕ್ಕೆ ಐದು ಗಂಟೆ. ಆದ್ರೆ ಕಂಪನಿ ಇಂಟರ್ವ್ಯೂನಲ್ಲಿ ಈಗಲೂ ಬರುದು ಖಾಲಿ ಬಾಕ್ಸೇ, ಹಾಗಾಗಿ ಅಭ್ಯಾಸ ಬಿಡ್ಲಿಕ್ಕಾಗುದಿಲ್ಲ.

ಮೊದಲು ಪ್ರಶ್ನೆ ತೆಗೆಯುವವರಿಗೆ. ಓಎಸ್‌ಪಿಎಫ್ ಅಂದ್ರೆ ರೂಟರ್‌ಗಳು ತಮ್ಮೊಳಗೆ ದಾರಿಯ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್, ಪಕ್ಕದ ರೂಟರ್ ನೇಬರ್, ಅದರ ಜೊತೆ ಸಂಬಂಧ ಟೂ ವೇ, ಎಕ್ಸ್‌ಸ್ಟಾರ್ಟ್ ಅಂತ ಹಂತ ಹಂತವಾಗಿ ಫುಲ್‌ಗೆ ಮುಟ್ಬೇಕು. "ಓಎಸ್‌ಪಿಎಫ್ ನೇಬರ್ ಎಕ್ಸ್‌ಸ್ಟಾರ್ಟ್‌ನಲ್ಲೇ ನಿಂತಿದೆ, ಯಾಕೆ?" ಅಂತ ಕೇಳ್ತೀರಿ, ಮನಸ್ಸಲ್ಲಿ ಇರುವ ಉತ್ತರ ಎಂಟಿಯು ಮಿಸ್‌ಮ್ಯಾಚ್, ಅಂದ್ರೆ ಒಂದು ಪ್ಯಾಕೆಟ್ ಹೆಚ್ಚೆಂದ್ರೆ ಎಷ್ಟು ದೊಡ್ಡದಿರಬಹುದು ಅನ್ನುವ ಲೆಕ್ಕ ಎರಡು ಕಡೆ ಬೇರೆ ಬೇರೆ. ಒಬ್ಬ ಎರಡೂ ಕಡೆ ರೂಟರ್ ಐಡಿ ಒಂದೇ ಇರಬಹುದು ಅಂತ ಬರೀತಾನೆ. ಇನ್ನೊಬ್ಬಳು ಮಲ್ಟಿಕಾಸ್ಟ್ ಹಲೋ (ನಾನಿದ್ದೇನೆ ಅಂತ ಎಲ್ಲ ನೇಬರ್‌ಗೂ ಒಟ್ಟಿಗೆ ಕಳಿಸುವ ಪ್ಯಾಕೆಟ್) ಹೋಗ್ತಾ ಉಂಟು ಆದ್ರೆ ಒಬ್ಬರಿಗೇ ಕಳಿಸುವ ಯುನಿಕಾಸ್ಟ್ ಪ್ಯಾಕೆಟ್ ಎಕ್ಸೆಸ್ ಲಿಸ್ಟ್‌ನಲ್ಲಿ (ಯಾವ ಪ್ಯಾಕೆಟ್ ಬಿಡಬೇಕು ಅನ್ನುವ ನಿಯಮದ ಪಟ್ಟಿ) ಬ್ಲಾಕ್ ಆಗಿರ್ಬಹುದು ಅಂತ ಬರೀತಾಳೆ. ಮೂರೂ ಸರಿ! ಒಂದಕ್ಕೇ ಮಾರ್ಕ್ ಕೊಟ್ರೆ ಅದು ಅನ್ಯಾಯ, ಅಷ್ಟೆ.

ಅದನ್ನೇ ಹೀಗೆ ಕೇಳಿ. ಎರಡೂ ಕಡೆ ಹಲೋ ಮುಟ್ತದೆ, ರೂಟರ್ ಐಡಿ 1.1.1.1 ಮತ್ತು 2.2.2.2, ಎಕ್ಸೆಸ್ ಲಿಸ್ಟ್ ಇಲ್ಲ, ಅಡ್ರೆಸ್ ಬದಲಿಸುವ ನ್ಯಾಟ್ ಇಲ್ಲ, ಒಂದು ಕಡೆ ಐಪಿ ಎಂಟಿಯು 1500, ಇನ್ನೊಂದು ಕಡೆ 1400, ನೇಬರ್ ಫುಲ್‌ಗೆ ಹೋಗುದಿಲ್ಲ. ಯಾವ ರೂಟರ್, ಯಾವ ಪ್ಯಾಕೆಟನ್ನು, ಎಂತ ನೋಡಿ ಬಿಸಾಡ್ತದೆ? ಎಂಟಿಯು ಅಂತ ಪ್ರಶ್ನೆಯಲ್ಲೇ ಹೇಳಿ ಆಯ್ತಲ್ಲ, ಸುಲಭ ಆಗ್ಲಿಲ್ವಾ ಅಂತ ಕೇಳುವವರು ಇದ್ದಾರೆ. ಇಲ್ಲ, ಕಷ್ಟ ಆದದ್ದು. 1400 ಇರುವ ರೂಟರ್ ತನಗೆ ಬಂದ ಡಿಬಿಡಿ (ನನ್ನ ಹತ್ರ ಎಂತೆಲ್ಲ ಮಾಹಿತಿ ಉಂಟು ಅನ್ನುವ ಪಟ್ಟಿ) ಪ್ಯಾಕೆಟ್‌ನೊಳಗೆ 1500 ಅಂತ ಇರುದನ್ನು ನೋಡಿ, ಅದು ತನ್ನ ಎಂಟಿಯುಗಿಂತ ದೊಡ್ಡದು ಅಂತ ಬಿಸಾಡ್ತದೆ, ಹಲೋದಲ್ಲಿ ಎಂಟಿಯು ಇರುದೇ ಇಲ್ಲ ಹಾಗಾಗಿ ಟೂ ವೇವರೆಗೆ ಆರಾಮಾಗಿ ಹೋಗ್ತದೆ. ಇದನ್ನು ಡಂಪ್ಸ್ ಓದಿದವ ಬರೀಲಿಕ್ಕಿಲ್ಲ, ಒಮ್ಮೆಯಾದ್ರೂ ಡೀಬಗ್ ಹಾಕಿ ನೋಡಿದವ ಬರೀತಾನೆ.

ಟೈಮರ್ ಕೇಳುದಾದ್ರೂ ಹಾಗೇ. ಓಎಸ್‌ಪಿಎಫ್ ಡೆಡ್ ಟೈಮರ್ (ಹಲೋ ಬರದೆ ಎಷ್ಟು ಹೊತ್ತಾದ್ರೆ ನೇಬರ್ ಹೋಯ್ತು ಅಂತ ಲೆಕ್ಕ) ಎಷ್ಟು ಅಂದ್ರೆ ಬ್ರಾಡ್‌ಕಾಸ್ಟ್‌ನಲ್ಲಿ 40 ಸೆಕೆಂಡ್, ಬ್ರಾಡ್‌ಕಾಸ್ಟ್ ಆಗದ ಎನ್‌ಬಿಎಂಎ ನೆಟ್‌ವರ್ಕ್‌ನಲ್ಲಿ 120, ನೆಟ್‌ವರ್ಕ್ ಟೈಪ್ ಹೇಳದೆ ಕೇಳ್ಬಾರದು. ಐಬಿಜಿಪಿಯಲ್ಲಿ (ಹೊರಗಿನ ನೆಟ್‌ವರ್ಕ್‌ನ ದಾರಿಯನ್ನು ನಮ್ಮ ನೆಟ್‌ವರ್ಕ್ ಒಳಗೆ ಹಂಚುವ ಪ್ರೋಟೋಕಾಲ್) ರೂಟ್ ಬಂದಿದೆ ಆದ್ರೆ ನೆಕ್ಸ್ಟ್ ಹಾಪ್ (ಪ್ಯಾಕೆಟ್ ಮುಂದೆ ಕಳಿಸ್ಬೇಕಾದ ರೂಟರ್‌ನ ಅಡ್ರೆಸ್) ಸಿಗುದಿಲ್ಲ, ಹೇಗೆ ಸರಿ ಮಾಡ್ತೀರಿ ಅಂತ ಕೇಳಿದ್ರೆ ನೆಕ್ಸ್ಟ್ ಹಾಪ್ ಸೆಲ್ಫ್ ಹಾಕಿ ಆ ಜಾಗದಲ್ಲಿ ತನ್ನದೇ ಅಡ್ರೆಸ್ ಕೊಡಬಹುದು, ಹೊರಗಿನ ಲಿಂಕನ್ನು ಐಜಿಪಿಗೆ (ಓಎಸ್‌ಪಿಎಫ್‌ನಂಥ ಒಳಗಿನ ಪ್ರೋಟೋಕಾಲ್) ತರಬಹುದು. ಮೊದಲಿನದ್ದೇ ಬೇಕಾದ್ರೆ "ಐಜಿಪಿ ಮುಟ್ಟದೆ" ಅಂತ ಎರಡು ಶಬ್ದ ಸೇರಿಸ್ಲಿಕ್ಕೆ ಎಂತ ಕಷ್ಟ?

ಇನ್ನು ಬರೆಯುವವರು. ಕೇಳಿದ್ದಕ್ಕೆ ಉತ್ತರ ಮೊದಲ ಸಾಲಲ್ಲೇ ಬರ್ಬೇಕು, ಎರಡನೇ ಸಾಲಲ್ಲಿ ಕಾರಣ, ಆಮೇಲೆ ಪೆನ್ನು ಕೆಳಗೆ. ತಾಳಮದ್ದಳೆಯಲ್ಲಿ ಎದುರು ಕೂತವ ಒಂದು ಕೇಳಿದ್ರೆ ಈ ಅರ್ಥಧಾರಿ ಬೇರೆಯೇ ಪುರಾಣ ಎಳೀತಾ ಹೋದ್ರೆ ಕೂತವರಿಗೆಲ್ಲ ಗೊತ್ತಾಗ್ತದೆ, ತಿದ್ದುವವನಿಗೂ ಹಾಗೇ ಗೊತ್ತಾಗ್ತದೆ. ಯಾಕೆ ಅಂತ ಕೇಳಿದ್ರೆ ಎಂಟಿಯು ಇಗ್ನೋರ್ ಕಮಾಂಡ್ ಬರೆದು ಬರುವವರು ತುಂಬಾ ಜನ, ಅದು ಮದ್ದು, ಕೇಳಿದ್ದು ರೋಗ. ಗೊತ್ತಿದ್ದದ್ದೆಲ್ಲ ಸುರಿಯುದು ಇನ್ನೂ ಅಪಾಯ, ಸರಿಯಾದ ಒಂದು ವಾಕ್ಯದ ಹಿಂದೆ ತಪ್ಪು ವಾಕ್ಯ ಒಂದು ಬಂದ್ರೆ ಇವನಿಗೆ ನಿಜವಾಗಿ ಗೊತ್ತುಂಟಾ ಅಂತ ಸಂಶಯ ಬರ್ತದೆ.

ಪ್ರಶ್ನೆ ಸರಿ ಇಲ್ಲ ಅಂತ ಕಂಡ್ರೆ ಲ್ಯಾಬ್ ಪರೀಕ್ಷೆಯಲ್ಲಿ ಪ್ರಾಕ್ಟರ್ (ಪರೀಕ್ಷೆ ನೋಡಿಕೊಳ್ಳುವವರು) ಹತ್ರ ಹೋಗಿ ಕೇಳಿ, ಅವರು ಉತ್ತರ ಹೇಳ್ಲಿಕ್ಕಿಲ್ಲ, ಆದ್ರೆ ಪ್ರಶ್ನೆಯ ಅರ್ಥ ಕೇಳಿದ್ರೆ ತಪ್ಪಿಲ್ಲ. ಬೆಂಗಳೂರಿಗೆ ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿ ಹತ್ತಿ ನಿದ್ದೆಗೆಟ್ಟು ಹೋಗಿ ಕೂತವರು ಸಂಕೋಚ ಮಾಡಿ ಬಾಯಿ ಮುಚ್ಚಿ ಕೂರುದು ನೋಡಿದ್ರೆ ನನಗೆ ಸಿಟ್ಟು ಬರ್ತದೆ. ಕೇಳ್ಲಿಕ್ಕೆ ಯಾರೂ ಇಲ್ಲದಿದ್ರೆ ಏನು ಅಂದ್ಕೊಂಡು ಉತ್ತರ ಬರೀತಿದ್ದೀರಿ ಅನ್ನುದನ್ನು ಮೊದಲೇ ಬರ್ದು ಬಿಡಿ, "ಬ್ರಾಡ್‌ಕಾಸ್ಟ್ ನೆಟ್‌ವರ್ಕ್ ಆದ್ರೆ 40 ಸೆಕೆಂಡ್" ಅಂತ.

ಕನ್ನಡ ಮೀಡಿಯಂನಿಂದ ಬಂದವರಿಗೆ ಇಂಗ್ಲಿಷ್ ಹೆದರಿಕೆ ಒಂದು ಬೇರೆ. ಮೊದಲು ಕನ್ನಡದಲ್ಲೋ ತುಳುವಲ್ಲೋ ಪಕ್ಕದವನಿಗೆ ಬಾಯಲ್ಲಿ ಹೇಳಿ, ಅವನಿಗೆ ಅರ್ಥ ಆದ್ರೆ ಅದನ್ನೇ ಇಂಗ್ಲಿಷಲ್ಲಿ ಚಿಕ್ಕ ಚಿಕ್ಕ ವಾಕ್ಯ ಮಾಡಿ. ಬಾಯಲ್ಲಿ ಹೇಳ್ಲಿಕ್ಕೆ ಬರದಿದ್ರೆ ತೊಂದರೆ ಇಂಗ್ಲಿಷಿಂದು ಅಲ್ಲ, ವಾಪಸ್ ಲ್ಯಾಬ್‌ಗೆ ಹೋಗಿ.

ಕೊನೆಗೆ ತಿದ್ದುವುದು. ಪೇಪರ್ ಕೈಗೆ ಬರುವ ಮೊದಲೇ ಯಾವ ಯಾವ ಉತ್ತರಕ್ಕೆ ಮಾರ್ಕ್ ಅಂತ ಬರೆದಿಡಿ, ಬಂದ ಮೇಲೆ ಬರೆದ್ರೆ ಗೊತ್ತಿರುವ ಹುಡುಗನ ಅಕ್ಷರ ಕಂಡಾಗ ಕೈ ಮೆತ್ತಗಾಗ್ತದೆ. ಹೆಸರು ಮುಚ್ಚಿ, ಇಬ್ಬರು ಬೇರೆ ಬೇರೆ ತಿದ್ದಿ. ಇಬ್ಬರ ಮಾರ್ಕ್ ತಾಳೆ ಆಗದಿದ್ರೆ ಕೂತು ವಾದ ಮಾಡ್ಲಿಕ್ಕೆ ಹೋಗ್ಬೇಡಿ, ಆ ಪ್ರಶ್ನೆ ಎಲ್ಲರಿಗೂ ರದ್ದು. ರದ್ದಾದದ್ದನ್ನು ಬಿಸಾಡ್ಲೂಬೇಡಿ, ಯಾವ ಶಬ್ದದಿಂದ ಗೊಂದಲ ಆಯ್ತು ಅಂತ ಪಕ್ಕದಲ್ಲಿ ಗೀಚಿಟ್ಟು, ತಿದ್ದಿ ಮುಂದಿನ ಬ್ಯಾಚ್‌ಗೆ ಕೊಡಿ.