ಹೆಬ್ಬೆರಳು ನೋಯತೊಡಗಿದ ಮೇಲೆ

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಹದಿನೈದು ವರ್ಷ ಮೌಸ್ ಹಿಡಿದೇ ತಿದ್ದಿದವಳು, ವಾರಕ್ಕೆರಡು ಸಲ ಮೈಸೂರು–ಬೆಂಗಳೂರು ರೈಲಿನಲ್ಲಿ ಓಡಾಡುವಂತಾದ ಮೇಲೆ ಲ್ಯಾಪ್‌ಟಾಪಿನ ಟ್ರ್ಯಾಕ್‌ಪ್ಯಾಡನ್ನೇ (ಕೀಲಿಮಣೆಯ ಕೆಳಗೆ ಬೆರಳಾಡಿಸುವ ಹಲಗೆ; ಟಚ್‌ಪ್ಯಾಡ್ ಎಂದರೂ ಅದೇ) ನೆಚ್ಚಿಕೊಂಡೆ. ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇರುತ್ತದೆ. ಮೌಸ್ ಓಡಿಸಲು ಪಕ್ಕದವರ ತೊಡೆ ಕೇಳಲಾಗುತ್ತದೆಯೇ?

ಮೊದಲ ತಿಂಗಳಲ್ಲೇ ಹೆಬ್ಬೆರಳು ಸೋತಿತು. ಕೈಗೆ ಸಿಕ್ಕಲ್ಲಿ, ಹೆಚ್ಚಾಗಿ ಪ್ಯಾಡಿನ ಮೇಲ್ಭಾಗದಲ್ಲಿ, ಅದುಮುತ್ತಿದ್ದೆ. ಅಲ್ಲಿ ಅದು ಜಗ್ಗುವುದೇ ಇಲ್ಲ. ನನ್ನ ಲ್ಯಾಪ್‌ಟಾಪಿನಂಥವುಗಳಲ್ಲಿ ಪ್ಯಾಡಿನ ಹಲಗೆ ಕೀಲಿಮಣೆಯ ಕಡೆಯ ಅಂಚಿನಲ್ಲಿ ಕಚ್ಚಿಕೊಂಡಿರುತ್ತದೆ. ಸ್ವಿಚ್ ಇರುವುದು ನಮ್ಮ ಕಡೆಯ ಅಂಚಿನ ಅಡಿಯಲ್ಲಿ. ನಾನು ಮಾಡುತ್ತಿದ್ದುದು ಬಾಗಿಲನ್ನು ಬಿಜಾಗರಿಯ ಪಕ್ಕದಲ್ಲಿ ತಳ್ಳಿದಂತೆ. ಕೆಳಗಿನ ಅಂಚಿನ ಬಳಿ ಒತ್ತಿದರೆ ಸಲೀಸಾಗಿ ‘ಟಕ್’ ಎನ್ನುತ್ತದೆ. (ಆಪಲ್ 2015ರಲ್ಲಿ ತಂದ ಪ್ಯಾಡಿನದು ಬೇರೆ ಕಥೆ. ಅದು ತಗ್ಗುವುದೇ ಇಲ್ಲ, ಒಳಗಿನ ವಿದ್ಯುತ್ಕಾಂತಗಳು ಒತ್ತಿದ ಭ್ರಮೆಯನ್ನು ಬೆರಳಿಗೆ ಕೊಡುತ್ತವೆ. ಎಲ್ಲಿ ಒತ್ತಿದರೂ ಒಂದೇ.)

ಆಮೇಲೆ ಒತ್ತುವುದನ್ನೇ ಬಿಟ್ಟೆ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ‘ಟಚ್‌ಪ್ಯಾಡ್’ ಎಂಬಲ್ಲಿ ‘ಟ್ಯಾಪ್ಸ್’ ತೆರೆದು, ಒಂದು ಬೆರಳಿನ ತಟ್ಟು ಕ್ಲಿಕ್, ಎರಡು ಬೆರಳಿನ ತಟ್ಟು ಬಲ ಕ್ಲಿಕ್ ಎಂದು ಮಾಡಿಕೊಂಡೆ. ಹೆಬ್ಬೆರಳಿಗೆ ವಿರಾಮ ಸಿಕ್ಕಿತು, ಅಂಗೈ ಕೀಟಲೆ ಶುರುಮಾಡಿತು. ‘ಸಂಸ್ಕೃತಿ’ ಎಂದು ಬೆರಳಚ್ಚಿಸುತ್ತಿರುವಾಗ ಅಂಗೈ ತಾಗಿ ಕರ್ಸರ್ ಹಾರುತ್ತಿತ್ತು. ‘ಸಂಸ್’ ಇಲ್ಲಿ, ‘ಕೃತಿ’ ಎರಡು ಸಾಲು ಮೇಲೆ ಲೇಖಕರ ಬೇರಾವುದೋ ವಾಕ್ಯದ ಹೊಟ್ಟೆಯಲ್ಲಿ. ಕರಡು ತಿದ್ದುವವಳೇ ತಪ್ಪು ಸೇರಿಸಿದರೆ ಹೇಗೆ? ಅಲ್ಲೇ ಇದ್ದ ಸಂವೇದನೆಯ ಮಟ್ಟವನ್ನು ‘ಲೋ’ಗೆ ಇಳಿಸಿದ ಮೇಲೆ ಕಾಟ ಬಹುಪಾಲು ತಗ್ಗಿತು.

ಪಠ್ಯವನ್ನು ಎಳೆದು ಗುರುತು ಮಾಡುವುದು ಮಾತ್ರ ಪ್ಯಾಡಿನಲ್ಲಿ ಪ್ರಯಾಸ. ಬೆರಳು ಅಂಚು ಮುಟ್ಟಿದರೂ ಪ್ಯಾರಾ ಮುಗಿದಿರುವುದಿಲ್ಲ. ನಾನು ಎಳೆಯುವುದಿಲ್ಲ: ಪ್ಯಾರಾದ ಆರಂಭದಲ್ಲಿ ಒಮ್ಮೆ ತಟ್ಟುತ್ತೇನೆ, ಶಿಫ್ಟ್ ಕೀಲಿ ಹಿಡಿದು ಕೊನೆಯಲ್ಲಿ ಇನ್ನೊಮ್ಮೆ ತಟ್ಟುತ್ತೇನೆ. ನಡುವಿನದೆಲ್ಲ ಗುರುತಾಗುತ್ತದೆ. ಚಿತ್ರಗಳನ್ನು ಜರುಗಿಸುವಾಗ ಮಾತ್ರ ಎಡ ಹೆಬ್ಬೆರಳಿನಿಂದ ಕೆಳಗಿನ ಎಡಮೂಲೆ ಒತ್ತಿ ಹಿಡಿದು, ಬಲ ತೋರುಬೆರಳಿನಿಂದ ಸಾಗಿಸುತ್ತೇನೆ.

ಮದ್ದೂರು ವಡೆ ತಿಂದು ಕೈತೊಳೆದು ಬಂದು ಒದ್ದೆ ಬೆರಳಿಟ್ಟರೆ ಕರ್ಸರ್ ಕುಣಿಯುತ್ತದೆ. ಬೆರಳು ತಂದ ವಿದ್ಯುತ್ ಏರುಪೇರನ್ನು ಅಳೆಯುವ ಪ್ಯಾಡಿಗೆ ನೀರಿನ ಹನಿಯೂ ಬೆರಳಂತೆ ಕಾಣಬಹುದು. ಒಂದು ಕರವಸ್ತ್ರ ಸಾಕು.

ಕಳೆದ ವರ್ಷ ಹೀಗೇ ಒಂದು ಚಿತ್ರ ಜರುಗಿಸಲು ಹೋದರೆ ಎಡಮೂಲೆ ಕಲ್ಲಾಗಿತ್ತು. ಧೂಳಿರಬೇಕೆಂದು ಇನ್ನಷ್ಟು ಒತ್ತಿದೆ. ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಕುಂಟುವ ಕುರ್ಚಿಯಂತೆ ಅಲುಗಾಡಿತು. ಪ್ಯಾಡಿನ ಅಂಚು ಉಗುರಿನಷ್ಟು ಮೇಲೆದ್ದಿತ್ತು. ರಿಪೇರಿಯವರು ತಳ ಬಿಚ್ಚಿದರೆ ಬ್ಯಾಟರಿ ದಿಂಬಿನಂತೆ ಉಬ್ಬಿತ್ತು. “ಮೇಡಂ, ಇದರ ಮೇಲೆ ಒತ್ತುತ್ತಿದ್ದಿರಾ?” ಎಂದು ಕೇಳಿದರು. ಉಬ್ಬಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಚಾರ್ಜ್ ಮಾಡದೆ ಲ್ಯಾಪ್‌ಟಾಪನ್ನು ಆಗಲೇ ಆಫ್ ಮಾಡಬೇಕಿತ್ತು. ತಟ್ಟುವುದನ್ನು ಕಲಿತಿದ್ದರಿಂದ ನನಗೆ ವಾರಗಟ್ಟಲೆ ಗೊತ್ತೇ ಆಗಿರಲಿಲ್ಲ.

ಈಗ ಸೋಮವಾರ ರೈಲು ಹೊರಟ ಮೇಲೆ ಪ್ಯಾಡನ್ನು ಎರಡೂ ಮೂಲೆಗಳಲ್ಲಿ ಒಮ್ಮೆ ಮೆಲ್ಲಗೆ ಒತ್ತಿ, ‘ಟಕ್’ ಕೇಳಿಸಿಕೊಂಡು, ಕಡತ ತೆರೆಯುತ್ತೇನೆ.