ಹಲ್ಲಿನ ಹಕ್ಕಿಯ ತಲೆ ಬರೆದ ಬಗೆ

ಡೈನೋಸಾರ್‌ಗಳ ಕಾಲದಲ್ಲಿ ಬದುಕಿ ಅಳಿದುಹೋದ ಹಲ್ಲಿನ ಹಕ್ಕಿ ಇಕ್ತಿಯಾರ್ನಿಸ್ ಡಿಸ್ಪಾರ್‌ನ ಚಿತ್ರ ಬೇಕೆಂದರೆ ಹಲವರು ಕಡಲ ಹಕ್ಕಿಯೊಂದನ್ನು ಬರೆದು ಕೊಕ್ಕಿನುದ್ದಕ್ಕೂ ಹಲ್ಲು ಪೋಣಿಸಿಬಿಡುತ್ತಾರೆ. ವಿಜ್ಞಾನ ಲೇಖನಗಳಿಗೆ ಚಿತ್ರ ಬರೆಯುವ ನನಗೆ ಆ ದಾರಿ ಒಗ್ಗುವುದಿಲ್ಲ. ಮೊದಲು ಮೂಳೆ, ಗರಿ ಆಮೇಲೆ.

ಅದಕ್ಕೂ ಮುಂಚೆ ಯಾವ ಮೂಳೆ ಯಾರದು ಎಂಬುದು ಇತ್ಯರ್ಥವಾಗಬೇಕು. ಅಮೆರಿಕದ ಕ್ಯಾನ್ಸಸ್‌ನಲ್ಲಿ ಬೆಂಜಮಿನ್ ಮಡ್ಜ್ ಸಂಗ್ರಹಿಸಿದ ಪಳೆಯುಳಿಕೆಗೆ 1872ರಲ್ಲಿ ಹೆಸರಿಟ್ಟ ಪಳೆಯುಳಿಕೆ ವಿಜ್ಞಾನಿ ಓಥ್ನಿಯಲ್ ಮಾರ್ಷ್, ಅದರ ಹಲ್ಲಿನ ದವಡೆಯನ್ನು ಮಾತ್ರ ಸರೀಸೃಪದ್ದೆಂದು ಬಗೆದು ಅದಕ್ಕೆ ಕೊಲೊನೊಸಾರಸ್ ಎಂಬ ಬೇರೆ ಹೆಸರು ಕೊಟ್ಟಿದ್ದರು! ಮರುವರ್ಷ ಎರಡೂ ಒಂದಾದವು. ಆಮೇಲೆ ಈ ಕುಲದಲ್ಲಿ ಪ್ರಭೇದಗಳು ಹೆಚ್ಚುತ್ತಲೇ ಹೋದವು. 2004ರಲ್ಲಿ ವಿಜ್ಞಾನಿ ಜೂಲಿಯಾ ಕ್ಲಾರ್ಕ್ ಯೇಲ್ ವಿಶ್ವವಿದ್ಯಾಲಯದ ಮಾದರಿಗಳನ್ನು ಮರುಪರಿಶೀಲಿಸಿ ಡಿಸ್ಪಾರ್ ಒಂದನ್ನೇ ಉಳಿಸಿದರು. ಅವರು ಹೊರಗಿಟ್ಟ ಮೂಳೆಗಳನ್ನು ನಾನೂ ಮುಟ್ಟಲಿಲ್ಲ.

ಹಲ್ಲಿದೆಯೆಂದು ಮಾರ್ಷ್ ಇದನ್ನೂ ಹಲ್ಲಿದ್ದ ಇನ್ನೊಂದು ಪ್ರಾಚೀನ ಹಕ್ಕಿ, ಹಾರಲಾರದ ಹೆಸ್ಪೆರಾರ್ನಿಸನ್ನೂ ಒಂದೇ ಗುಂಪಿಗೆ ಸೇರಿಸಿದ್ದು ಈಗ ನಿಲ್ಲುವುದಿಲ್ಲ. ಹಲ್ಲು ಡೈನೋಸಾರ್ ಪೂರ್ವಜರಿಂದ ಬಂದ ಹಳೆಯ ಆಸ್ತಿ. ಅದನ್ನು ಹಿಡಿದು ಹತ್ತಿರದ ನೆಂಟಸ್ತಿಕೆ ಹೇಳಲಾಗದು. ಚಿತ್ರಕಾರನಿಗೆ ಮುಖ್ಯವಾದ ವ್ಯತ್ಯಾಸವೂ ಅಲ್ಲೇ ಇದೆ. ಹೆಸ್ಪೆರಾರ್ನಿಸ್‌ನ ಹಲ್ಲುಗಳು ಒಂದೇ ಉದ್ದನೆಯ ತೋಡಿನಲ್ಲಿ ಕೂತರೆ, ಇಕ್ತಿಯಾರ್ನಿಸ್‌ನ ಒಂದೊಂದು ಹಲ್ಲಿಗೂ ಪ್ರತ್ಯೇಕ ಕುಳಿ. ಹಾಗಾಗಿ ಕೆಳದವಡೆಯಲ್ಲಿ ಕುಳಿಗಳನ್ನು ಮೊದಲು ಗುರುತಿಸಿಕೊಂಡು, ಹಿಂದಕ್ಕೆ ಬಾಗಿದ ಹಲ್ಲುಗಳನ್ನು ಆಮೇಲೆ ಬರೆದೆ.

ತಲೆಗೆ ಆಧಾರವಾದದ್ದು 2018ರ ಸಿಟಿ ಸ್ಕ್ಯಾನ್ ಅಧ್ಯಯನ. ಹೊಸ ತಲೆಬುರುಡೆಯ ಜೊತೆಗೆ ಮಾರ್ಷ್ ಕಾಲದ ಮಾದರಿಯಲ್ಲೇ ಯಾರ ಗಮನಕ್ಕೂ ಬಾರದೆ ಉಳಿದಿದ್ದ ತುಣುಕುಗಳೂ ಅದರಲ್ಲಿವೆ. ಮೇಲ್ದವಡೆಯ ತುದಿಯಲ್ಲಿ ಹಲ್ಲಿಲ್ಲ. ಅಲ್ಲಿರುವುದು ತುಸು ಕೊಕ್ಕೆಯಾದ ಪುಟ್ಟ ಕೊಕ್ಕು. ಹಲ್ಲು ಶುರುವಾಗುವುದು ಅದರ ಹಿಂದೆ. ನಾನು ಹೆಚ್ಚು ಹೊತ್ತು ಕೂತದ್ದು ಕಣ್ಣಿನ ಹಿಂಭಾಗಕ್ಕೆ. ಇಂದಿನ ಹಕ್ಕಿಗಳಂತೆ ಮೇಲ್ದವಡೆಯನ್ನು ಅಲುಗಿಸಬಲ್ಲ ಈ ಜೀವಿಗೆ ತಲೆಯ ಪಕ್ಕದಲ್ಲಿ ಡೈನೋಸಾರ್‌ಗಳಿಗಿದ್ದಂತೆ ದೊಡ್ಡ ರಂಧ್ರವಿದೆ, ದವಡೆಯ ಬಲವಾದ ಸ್ನಾಯುವಿಗಾಗಿ. ಅಲ್ಲಿ ಸ್ನಾಯು ತುಂಬಿದರೆ ತಲೆಯ ಹಿಂಬದಿ ದಪ್ಪಗಾಗುತ್ತದೆ. ಕಡಲ ಹಕ್ಕಿಯ ನುಣುಪು ಉಳಿಯುವುದಿಲ್ಲ.

ದೇಹಕ್ಕೆ ಇಷ್ಟು ತಿಣುಕಾಟ ಬೇಕಾಗಲಿಲ್ಲ. ಎದೆಮೂಳೆಯಲ್ಲಿ ಹಾರಾಟದ ಸ್ನಾಯುಗಳಿಗೆ ಬೇಕಾದ ಆಳವಾದ ಏಣು, ಗಟ್ಟಿ ರೆಕ್ಕೆ. ಭದ್ರಾ ಹಿನ್ನೀರಿನ ರಿವರ್ ಟರ್ನ್ ಹಕ್ಕಿಗಳ ಫೋಟೋಗಳನ್ನು ರೆಕ್ಕೆಯ ಭಂಗಿಗೆ ಮಾತ್ರ ಇಟ್ಟುಕೊಂಡೆ. ಅವುಗಳ ಹಳದಿ ಕೊಕ್ಕನ್ನೂ ಕಪ್ಪು ನೆತ್ತಿಯನ್ನೂ ಎರವಲು ತರದೆ, ಚಿತ್ರವನ್ನು ಪೆನ್ಸಿಲ್ ಬೂದಿನಲ್ಲೇ ಕಳಿಸಿದೆ.